ಪಾದ ಹೊರಕ್ಕೆ ತಿರುಗಬೇಕು

ತಿರುವೊಟ್ಟಿಯೂರು, ಚೆನ್ನೈ
24 ಜುಲೈ 2024

ಶ್ರೀಮತಿ ಹರಿಪ್ರಿಯಾ ಅವರಿಗೆ ನಮಸ್ಕಾರ.

ನನ್ನ ಹೆಸರು ಶಂಕ್ರಮ್ಮ. ನಿಮಗೆ ನನ್ನ ಗುರುತು ಇರಲಿಕ್ಕಿಲ್ಲ. ಮೊನ್ನೆ ಭಾನುವಾರ ಇಲ್ಲಿ ನಡೆದ ಶಾಲಾ ಮಕ್ಕಳ ಈಜು ಸ್ಪರ್ಧೆಯಲ್ಲಿ, ನೂರು ಮೀಟರ್ ಬ್ರೆಸ್ಟ್ ಸ್ಟ್ರೋಕ್‌ನಲ್ಲಿ ಎರಡನೆಯವಳಾಗಿ ಗೋಡೆ ಮುಟ್ಟಿದ ಹುಡುಗಿಯ ಅಜ್ಜಿ ನಾನು. ಅವಳ ಹೆಸರು ಶಿಲ್ಪಶ್ರೀ, ಹದಿಮೂರು ವರ್ಷ. ಬಿಳಿ ಬಟ್ಟೆ ತೊಟ್ಟು ಕೊಳದ ಅಂಚಿನಲ್ಲಿ ಮಕ್ಕಳ ಜೊತೆಜೊತೆಗೇ ನಡೆಯುತ್ತಿದ್ದ ನೀವು ಒಂದು ಕೈ ಮೇಲೆತ್ತಿದಿರಿ. ಅಷ್ಟಕ್ಕೇ ನಮ್ಮ ಮಗುವಿನ ಹೆಸರಿನ ಮುಂದೆ ಅನರ್ಹ ಎಂದು ಬಿತ್ತು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ನೀವು ಫೋನಿನಲ್ಲಿ ಕನ್ನಡ ಮಾತಾಡುವುದು ಕಿವಿಗೆ ಬಿತ್ತು. ನಮ್ಮವರೇ ಆಗಿ ಹೀಗೆ ಮಾಡಿದರಲ್ಲ ಎಂದು ಹೊಟ್ಟೆ ಉರಿಯಿತು. ಮೇಜಿನ ಹತ್ತಿರ ಕೂತಿದ್ದ ಹುಡುಗಿಯನ್ನು ಕೇಳಿ ನಿಮ್ಮ ಹೆಸರನ್ನೂ ಮೈಸೂರಿನಲ್ಲಿ ನೀವು ಕೆಲಸ ಮಾಡುವ ಕಾಲೇಜನ್ನೂ ತಿಳಿದುಕೊಂಡೆ.

ಮಗು ಮಾಡಿದ ತಪ್ಪಾದರೂ ಏನು? ಯಾರಿಗಿಂತ ಮೊದಲೂ ಹಾರಲಿಲ್ಲ. ಪಕ್ಕದ ಲೇನಿಗೆ ನುಗ್ಗಲಿಲ್ಲ. ಎರಡೂ ಕೈಯಿಂದ ಗೋಡೆ ಮುಟ್ಟಿದಳು. ಚೀಟಿಯಲ್ಲಿ ‘ಕಾಲಿನ ತಪ್ಪು’ ಎಂದು ಬರೆದರಂತೆ. ಇದು ಮೊದಲನೇ ಸಲವಲ್ಲ, ಬೇರೆ ಬೇರೆ ಕಡೆ ಹೀಗೇ ಆಗಿದೆ. ಕೋಚ್ ಚರಣ್ ಎಲ್ಲರೆದುರಿಗೆ “ಇವಳ ರೈಟ್ ಕಾಲ್ ತೂಂಗುದು” ಅಂದರು. ಬಲಗಾಲು ನಿದ್ದೆ ಹೋಗಿದೆಯಂತೆ! ವಾಪಸು ಬರುವಾಗ ಮೆಟ್ರೋದಲ್ಲಿ ಹುಡುಗಿ ಕಿಟಕಿಗೆ ಮುಖ ಮಾಡಿ ಕೂತಳು. ಇಳಿಯುವ ಹೊತ್ತಿಗೆ ಒಂದೇ ಮಾತು: “ಅಜ್ಜಿ, ನಿಜಮಾವೇ ನಾನು ಫುಲ್ ಫೋರ್ಸ್ ಹಾಕಿ ಒದ್ದೆ.”

ನಾವು ರಾಣೆಬೆನ್ನೂರಿನ ಕಡೆಯವರು. ನಮ್ಮ ಯಜಮಾನರು ಮಹಾಲಿಂಗಪ್ಪನವರು ಇಲ್ಲಿ ಹಗ್ಗ, ಟಾರ್ಪಾಲಿನ ಅಂಗಡಿ ಇಟ್ಟುಕೊಂಡಿದ್ದಾರೆ. ಉತ್ತರ ಬರೆಯುವ ಮನಸ್ಸಿದ್ದರೆ ಅಂಗಡಿಯ ವಿಳಾಸಕ್ಕೇ ಬರೆಯಿರಿ. ಫೋನಿನಲ್ಲಿ ಮಾತಾಡಿದರೆ ಮನೆಯವರೆಲ್ಲರ ಕಿವಿಗೂ ಬೀಳುತ್ತದೆ. ನಾನು ನಿಮ್ಮನ್ನು ಕೇಳಿದೆನೆಂಬುದು ನನ್ನ ಸೊಸೆಗೆ ತಿಳಿಯುವುದು ಬೇಡ.

ಇಂತಿ,
ಶಂಕ್ರಮ್ಮ


ಮೈಸೂರು
2 ಆಗಸ್ಟ್ 2024

ಶ್ರೀಮತಿ ಶಂಕ್ರಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಸ್ಪರ್ಧೆಯ ತೀರ್ಪಿನ ಬಗ್ಗೆ ಕೋಚ್ ಮೂಲಕ ಅಲ್ಲಿಯೇ ಆಕ್ಷೇಪ ಸಲ್ಲಿಸಬೇಕು, ಪತ್ರದಲ್ಲಿ ಅಲ್ಲ. ಪದಕ ಕೈತಪ್ಪಿದಾಗ ಮನೆಯವರಿಗೆ ಬೇಸರವಾಗುವುದು ಸಹಜ. ಆದರೂ ನೀವು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆದ್ದರಿಂದ ಉತ್ತರಿಸುತ್ತೇನೆ.

ಬ್ರೆಸ್ಟ್ ಸ್ಟ್ರೋಕ್‌ನ ನಿಯಮ ಬೇರೆ ಈಜುಗಳಿಗಿಂತ ಬಿಗಿ. ಹಾರಿದ ಮೇಲೆ, ಮತ್ತು ಪ್ರತಿ ಸಲ ಗೋಡೆ ಮುಟ್ಟಿ ತಿರುಗಿದ ಮೇಲೆ, ನೀರಿನೊಳಗೆ ಇರುವಾಗಲೇ ಕೈಗಳನ್ನು ಒಂದು ಸಲ ತೊಡೆಯವರೆಗೂ ಎಳೆಯಬಹುದು. ಎರಡೂ ಕಾಲು ಜೋಡಿಸಿ ಮೀನು ಬಾಲ ಬಡಿದ ಹಾಗೆ ಒಂದೇ ಒಂದು ಸಲ ಬಡಿಯಬಹುದು. ಅದಕ್ಕೆ ಡಾಲ್ಫಿನ್ ಕಿಕ್ ಎನ್ನುತ್ತೇವೆ. ಅದಾದ ಮೇಲೆ ಕಪ್ಪೆಯ ಒದೆತವೇ. ಎರಡೂ ಕಾಲು ಒಟ್ಟಿಗೆ, ಒಂದೇ ಮಟ್ಟದಲ್ಲಿ ಆಡಬೇಕು. ನೀರನ್ನು ಹಿಂದಕ್ಕೆ ತಳ್ಳುವ ಗಳಿಗೆಯಲ್ಲಿ ಎರಡೂ ಪಾದ ಹೊರಕ್ಕೆ ತಿರುಗಿರಬೇಕು. ನಿಮ್ಮ ಮೊಮ್ಮಗಳ ಎಡಪಾದ ತಿರುಗುತ್ತದೆ. ಬಲಪಾದ ತಿರುಗುವುದಿಲ್ಲ. ಅದು ಬೆರಳು ಹಿಂದಕ್ಕೆ ಚಾಚಿಕೊಂಡೇ ನೀರನ್ನು ಬಡಿಯುತ್ತದೆ. ಕಂಡೂ ಸುಮ್ಮನಿದ್ದರೆ ಪಕ್ಕದ ಲೇನಿನ ಮಕ್ಕಳಿಗೆ ನಾನು ಮೋಸ ಮಾಡಿದ ಹಾಗೆ.

ಇಲ್ಲಿಯವರೆಗೆ ಬರೆದದ್ದು ತೀರ್ಪುಗಾರಳಾಗಿ. ಇನ್ನೊಂದು ಮಾತು ಕೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಶಿಲ್ಪಶ್ರೀಯ ಡಾಲ್ಫಿನ್ ಕಿಕ್ ಆ ದಿನ ನಾನು ನೋಡಿದ್ದರಲ್ಲೆಲ್ಲ ಚೆಂದದ್ದು. ಅಷ್ಟು ಹಿಡಿತವಿರುವ ಕಾಲು ನಿದ್ದೆ ಹೋಗುವುದಿಲ್ಲ. ಅಜಾಗರೂಕತೆಯಿಂದ ತಪ್ಪುವ ಕಾಲು ಒಮ್ಮೆ ತಪ್ಪುತ್ತದೆ, ಒಮ್ಮೆ ಸರಿಹೋಗುತ್ತದೆ. ಈ ಕಾಲು ಪ್ರತಿ ಒದೆತದಲ್ಲೂ ಒಂದೇ ರೀತಿ ತಪ್ಪುತ್ತಿತ್ತು. ನೀರಿನಿಂದ ಮೇಲೆ ಬಂದಾಗ ನೋಡಿದೆ, ಬಲಗಾಲಿನ ಮೀನಖಂಡ ಎಡದ್ದಕ್ಕಿಂತ ತೆಳ್ಳಗಿದೆ. ಚಿಕ್ಕಂದಿನಲ್ಲಿ ಆ ಕಾಲಿಗೆ ಏನಾದರೂ ಆಗಿತ್ತೇ?

ವಂದನೆಗಳೊಂದಿಗೆ,
ಹರಿಪ್ರಿಯಾ


ತಿರುವೊಟ್ಟಿಯೂರು
14 ಆಗಸ್ಟ್ 2024

ಶ್ರೀಮತಿ ಹರಿಪ್ರಿಯಾ ಅವರಿಗೆ,

ನಮ್ಮ ಮಗುವಿನ ಕಾಲಿಗೆ ಏನೂ ಆಗಿಲ್ಲ. ಸಣ್ಣವಳಿದ್ದಾಗ ಸೈಕಲ್ ಚಕ್ರಕ್ಕೆ ಸಿಕ್ಕಿ ಗಾಯವಾಗಿತ್ತು, ಅದರ ಕಲೆ ಇದೆ, ಅಷ್ಟೇ. ಎಲ್ಲರಂತೆ ನಡೆಯುತ್ತಾಳೆ, ಓಡುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ. ನಾನು ಕೇಳಿದ್ದು ನಿಯಮ. ನೀವು ನಮ್ಮ ಹುಡುಗಿಯ ಕಾಲು ಅಳೆಯಲಿಕ್ಕೆ ನಿಂತಿರಿ. ಬೆಳೆದು ದೊಡ್ಡವಳಾಗುವ ಹೆಣ್ಣುಮಗಳ ವಿಷಯದಲ್ಲಿ ಇಂಥ ಮಾತು ಯಾರ ಬಾಯಿಂದಲೂ ಬರಬಾರದು. ದಯವಿಟ್ಟು ಇದನ್ನು ಬೇರೆ ಯಾರ ಹತ್ತಿರವೂ ಆಡಬೇಡಿ. ಇನ್ನು ಬರೆಯುವುದೂ ಬೇಡ.

ಶಂಕ್ರಮ್ಮ


ಮೈಸೂರು
26 ಆಗಸ್ಟ್ 2024

ಶಂಕ್ರಮ್ಮನವರಿಗೆ,

ಬೇಡವೆಂದರೂ ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಿಮ್ಮ ಮನಸ್ಸು ನೋಯಿಸಿದ್ದಕ್ಕೂ. ಆ ಮಾತನ್ನು ನಾನು ಯಾರ ಹತ್ತಿರವೂ ಆಡಿಲ್ಲ, ಆಡುವುದೂ ಇಲ್ಲ.

ಮಗುವಿನ ಮಂಡಿಯ ಮೇಲೆ ಒಂದು ಕಣ್ಣಿಟ್ಟಿರಿ. ಇದನ್ನು ಹೇಳದೆ ಸುಮ್ಮನಿರಲು ಆಗಲಿಲ್ಲ. ತಿರುಗದ ಪಾದವನ್ನು ಬಲವಂತದಿಂದ ತಿರುಗಿಸಲು ಹೋದರೆ ಆ ಭಾರವನ್ನೆಲ್ಲ ಮಂಡಿ ತೆಗೆದುಕೊಳ್ಳುತ್ತದೆ. ಮಕ್ಕಳು ನೋವನ್ನು ಕೋಚ್‌ಗೂ ಹೇಳುವುದಿಲ್ಲ, ಮನೆಯಲ್ಲೂ ಹೇಳುವುದಿಲ್ಲ. ಊದಿಕೊಂಡಿದ್ದು ಕಂಡರೆ ಈಜು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಉತ್ತರ ಬರೆಯಬೇಕಾಗಿಲ್ಲ.

ಹರಿಪ್ರಿಯಾ


ತಿರುವೊಟ್ಟಿಯೂರು
3 ನವೆಂಬರ್ 2024

ಹರಿಪ್ರಿಯಾ ಅವರಿಗೆ ಶಂಕ್ರಮ್ಮನ ಶರಣು.

ಆಗಸ್ಟ್ ತಿಂಗಳ ನಿಮ್ಮ ಕಾಗದವನ್ನು ಹರಿದುಹಾಕಬೇಕೆಂದಿದ್ದೆ. ಹರಿಯಲಿಲ್ಲ. ಮಂಡಿಯ ವಿಷಯ ತಲೆಯಲ್ಲಿ ಉಳಿದುಬಿಟ್ಟಿತು. ಹಾಗೆ ಉಳಿದದ್ದಕ್ಕೆ ಇವತ್ತು ನಿಮಗೆ ಕೈಮುಗಿದು ಬರೆಯುತ್ತಿದ್ದೇನೆ.

ದೀಪಾವಳಿಯ ಮಾರನೇ ದಿನ ಒಗೆದ ಬಟ್ಟೆ ಹರವಲು ಮಾಳಿಗೆಗೆ ಹೋದೆ. ಶಿಲ್ಪಾ ನೀರಿನ ಟ್ಯಾಂಕಿನ ನೆರಳಲ್ಲಿ ಬೋರಲು ಮಲಗಿದ್ದಳು. ಅಂಗಡಿಯಿಂದ ತಂದ ನೈಲಾನ್ ಹಗ್ಗವನ್ನು ಬಲಪಾದಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಪೈಪಿಗೆ ಬಿಗಿದು, ಪಾದವನ್ನು ಹೊರಕ್ಕೆ ಎಳೆದುಕೊಳ್ಳುತ್ತಿದ್ದಳು. ಹಗ್ಗ ಕುಯ್ದ ಕಡೆ ಕೆಂಪಗೆ ಬರೆ ಎದ್ದಿತ್ತು. ಮಂಡಿ ಊದಿ ಗುಂಡಗಾಗಿತ್ತು. ನಾನು ಬಟ್ಟೆ ಬಕೀಟು ಕೆಳಗಿಟ್ಟು ಹಗ್ಗ ಬಿಚ್ಚಲು ಹೋದರೆ ನನ್ನ ಕೈ ತಳ್ಳಿದಳು.

“ಬಿಡಿ ಅಜ್ಜಿ. ಇದು ಸೋಂಬೇರಿ ಕಾಲು. ಕಟ್ಟಿ ಹಾಕಿದ್ರೇನೇ ಬುದ್ಧಿ ಬರೋದು. ಮಾಸ್ಟರ್ ಕರೆಕ್ಟಾ ಹೇಳ್ತಾರೆ, ನಾನು ಮನಸ್ಸು ಇಟ್ಟು ಮಾಡ್ತಿಲ್ಲ.”

ಆ ಮಾತು ಕೇಳಿ ನನ್ನಿಂದ ತಡೆಯಲಾಗಲಿಲ್ಲ. ನಿಮಗೆ ಸುಳ್ಳು ಬರೆದಿದ್ದೆ. ಸೈಕಲ್ ಚಕ್ರದ ಕಥೆಯನ್ನು ನಾವು ಮನೆಯವರೆಲ್ಲ ಸೇರಿ ಹೆಣೆದದ್ದು. ಶಿಲ್ಪಾ ಹುಟ್ಟಿದಾಗ ಅವಳ ಬಲಪಾದ ಒಳಕ್ಕೆ ಮಡಚಿಕೊಂಡಿತ್ತು, ಅಂಗಾಲು ಮೇಲಕ್ಕೆ ಕಾಣುತ್ತಿತ್ತು. ವಾರವಾರವೂ ಪ್ಲಾಸ್ಟರ್ ಬದಲಿಸುತ್ತಿದ್ದರು. ನನ್ನ ಸೊಸೆ ಮಾಧವಿ ಬಾಣಂತಿ ಮೈಯಲ್ಲೇ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಅಲೆದಳು. ಆಮೇಲೆ ಕಂಬಿ ಜೋಡಿಸಿದ ಬೂಟು ಹಾಕಿ ಮಲಗಿಸಬೇಕಿತ್ತು. ನಡೆಯುವ ವಯಸ್ಸಿಗೆ ಪಾದ ಮತ್ತೆ ಒಳಕ್ಕೆ ಎಳೆಯತೊಡಗಿ ದೊಡ್ಡ ಆಪರೇಷನ್ ಆಯಿತು. ನೋಡಲು ಬಂದ ಬಳಗದವರು ತೊಟ್ಟಿಲಲ್ಲಿದ್ದ ಕೂಸಿನ ಮುಂದೆಯೇ ಆಡಬಾರದ ಮಾತು ಆಡಿದರು. ಅವತ್ತು ಮಾಧವಿ ನಮ್ಮೆಲ್ಲರಿಂದ ಮಾತು ತೆಗೆದುಕೊಂಡಳು: ಈ ಹುಡುಗಿಗೆ ಇದು ಎಂದೂ ತಿಳಿಯಬಾರದು, ತನ್ನ ಕಾಲನ್ನು ತಾನೇ ಕೀಳಾಗಿ ನೋಡದೆ ಬೆಳೆಯಬೇಕು. ಈಜಿಗೆ ಹಾಕಿದ್ದೂ ಡಾಕ್ಟರು ಹೇಳಿದ್ದಕ್ಕೆ, ಕಾಲಿಗೆ ಬಲ ಬರಲಿ ಎಂದು. ಮಗುವಿಗೆ ಹೇಳಿದ್ದು ಮಾತ್ರ ಎತ್ತರ ಬೆಳೆಯಲಿ ಅಂತ.

ಇದಿಷ್ಟನ್ನೂ ಆ ಬಿಸಿಲಲ್ಲಿ ಕೂತು ಅವಳಿಗೆ ಹೇಳಿಬಿಟ್ಟೆ. ಅಳುತ್ತಾಳೆ ಎಂದುಕೊಂಡೆ. ಅವಳು ತನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ಹಂಗಾದ್ರೆ ನಾನ್ ಸೋಂಬೇರಿ ಇಲ್ಲಯಾ ಅಜ್ಜಿ?”

“ಅಲ್ಲವ್ವಾ. ಒಂದು ದಿನಕ್ಕೂ ಅಲ್ಲ” ಅಂದೆ. ಆಗ ಅತ್ತಳು. ಅದು ದುಃಖದ ಅಳುವಲ್ಲ ತಾಯಿ. ತಲೆಯ ಮೇಲಿನ ಹೊರೆ ಯಾರೋ ಇಳಿಸಿಕೊಂಡರೆ ಹೇಗೆ ಉಸಿರು ಬರುತ್ತದೆ, ಹಾಗೆ.

ಡಾಕ್ಟರಿಗೆ ತೋರಿಸಿದೆವು. ಮಂಡಿ ಕೆಟ್ಟಿಲ್ಲ, ಆರು ವಾರ ನೀರಿಗೆ ಇಳಿಯಬಾರದು ಎಂದಿದ್ದಾರೆ. ನೀವು ಆ ಪ್ರಶ್ನೆ ಕೇಳದೆ ಇದ್ದಿದ್ದರೆ, ಬೇಡವೆಂದ ಮೇಲೂ ಎರಡನೇ ಕಾಗದ ಬರೆಯದೆ ಇದ್ದಿದ್ದರೆ ಏನಾಗುತ್ತಿತ್ತೋ. ನಿಮ್ಮ ಉಪಕಾರ ದೊಡ್ಡದು.

ನಿಮ್ಮ,
ಶಂಕ್ರಮ್ಮ


ಮೈಸೂರು
13 ನವೆಂಬರ್ 2024

ಪ್ರೀತಿಯ ಶಂಕ್ರಮ್ಮನವರಿಗೆ,

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಒಡೆದು, ಪೂರ್ತಿ ಓದಲಾಗದೆ ಮನೆಗೆ ತಂದೆ. ನಿಮ್ಮ ಮೊದಲ ಪತ್ರ ನೋಡಿ, ಇವರೂ ಪದಕಕ್ಕಾಗಿ ಜಗಳಕ್ಕೆ ಬಂದವರೇ ಎಂದುಕೊಂಡಿದ್ದೆ. ನನ್ನ ಎಣಿಕೆ ತಪ್ಪಾಗಿತ್ತು.

ಒಂದು ದಾರಿ ಹೊಳೆದಿದೆ. ಪ್ಯಾರಾ ಈಜು ಸ್ಪರ್ಧೆಗಳಲ್ಲಿ ನಿಯಮ ಬೇರೆ. ಒಂದು ಪಾದ ತಿರುಗಲು ಸಾಧ್ಯವೇ ಇಲ್ಲವೆಂದು ಪರೀಕ್ಷಕರು ಒಪ್ಪಿದರೆ ಅದಕ್ಕೆ ವಿನಾಯಿತಿ ಕೊಡುತ್ತಾರೆ, ಇನ್ನೊಂದು ಪಾದ ಹೊರಕ್ಕೆ ತಿರುಗಿದರೆ ಸಾಕು. ಶಿಲ್ಪಶ್ರೀ ಈಗ ಈಜುವ ಹಾಗೆಯೇ ಈಜಬಹುದು, ಯಾರೂ ಕೈ ಎತ್ತುವುದಿಲ್ಲ. ಜನವರಿಯಲ್ಲಿ ಬೆಂಗಳೂರಿನಲ್ಲಿ ಪರೀಕ್ಷೆ ಇದೆ. ಇಂಥ ಕಾಲಿಗೆ ಖಂಡಿತ ಸಿಗುತ್ತದೆ ಎಂದು ನನ್ನ ನಂಬಿಕೆ.

ನಿಮ್ಮ ಸೊಸೆ ಒಪ್ಪುತ್ತಾರೆಯೇ? ಅವರ ಮೇಲೆ ನನಗೆ ಗೌರವವಿದೆ. ಆ ಮಗು ನೀರಿನಲ್ಲಿ ಅಷ್ಟು ಧೈರ್ಯವಾಗಿ ಇರುವುದು ಅವರಿಂದಲೇ.

ನಾನು ಹುಟ್ಟಿ ಬೆಳೆದದ್ದೂ ಮದರಾಸಿನಲ್ಲೇ, ತಿರುವಲ್ಲಿಕ್ಕೇಣಿಯಲ್ಲಿ. ಕೆಲಸ ಸಿಕ್ಕಿ ಮೈಸೂರಿಗೆ ಬಂದೆ. ಅಣ್ಣ ಮುರಳೀಧರ ಈಗಲೂ ಅಲ್ಲೇ ಕ್ರೋಂಪೇಟೆಯಲ್ಲಿದ್ದಾನೆ. ನೀವು ‘ನಮ್ಮವರೇ ಆಗಿ’ ಎಂದು ಬರೆದದ್ದನ್ನು ಅವನಿಗೆ ಹೇಳಿದೆ. “ಹೌದಲ್ಲಮ್ಮಾ, ನಮ್ಮ ಊರು ಕೊಳಂದೆನ ನೀನೇ ಔಟ್ ಮಾಡೋದಾ!” ಅಂತ, ನಮ್ಮೂರಿನ ಮಗುವನ್ನೇ ಹೊರಗೆ ಹಾಕಿದೆನೆಂದು ನನ್ನನ್ನೇ ಬೈದ.

ಹರಿಪ್ರಿಯಾ


ತಿರುವೊಟ್ಟಿಯೂರು
20 ಜನವರಿ 2025

ತಂಗಿ ಹರಿಪ್ರಿಯಾಗೆ ಆಶೀರ್ವಾದಗಳು.

ವಯಸ್ಸಿನಲ್ಲಿ ನನಗಿಂತ ಚಿಕ್ಕವರು ಎಂದು ಹೀಗೆ ಬರೆದೆ, ತಪ್ಪು ತಿಳಿಯಬೇಡಿ.

ಮಾಧವಿ ತಾನೇ ರಜೆ ಹಾಕಿ ಶಿಲ್ಪಾಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದಳು. ನಾನು ಹೋಗಲಿಲ್ಲ. ಅಲ್ಲಿ ನಡೆದದ್ದನ್ನು ಶಿಲ್ಪಾ ಹೇಳಿದಳು. ಒಂದು ಮಂಚದ ಮೇಲೆ ಕೂರಿಸಿ ಪಾದವನ್ನು ಮೇಲೆ ಕೆಳಗೆ, ಒಳಗೆ ಹೊರಗೆ ಆಡಿಸಿ ಅಳತೆ ತೆಗೆದುಕೊಂಡರಂತೆ. ಆಮೇಲೆ ನೀರಿಗೆ ಇಳಿಸಿ ನೋಡಿದರಂತೆ. ಕೊನೆಗೆ, ಇವಳನ್ನು ಈ ಗುಂಪಿಗೆ ಸೇರಿಸಲು ಬರುವುದಿಲ್ಲ, ಅದಕ್ಕೆ ಬೇಕಾದಷ್ಟು ಊನ ಇಲ್ಲ ಎಂದು ಬರೆದುಕೊಟ್ಟರು.

ಇದೆಂಥ ನ್ಯಾಯ? ಆ ಕಡೆ ಪಾದ ತಿರುಗದೆಂದು ಹೊರಗೆ ಹಾಕುತ್ತಾರೆ, ಈ ಕಡೆ ಸಾಕಷ್ಟು ತಿರುಗುತ್ತದೆಂದು ಹೊರಗೆ ಹಾಕುತ್ತಾರೆ. ಮಗು ನಿಲ್ಲುವುದಾದರೂ ಎಲ್ಲಿ? ಆದರೆ ಶಿಲ್ಪಾ ನಗುತ್ತಲೇ ಮನೆಗೆ ಬಂದಳು. ಪರೀಕ್ಷೆ ಮಾಡಿದವರನ್ನು ಅವಳು ಕೇಳಿದಳಂತೆ, ಹಾಗಾದರೆ ನನ್ನ ಕಾಲು ಅಷ್ಟು ಚೆನ್ನಾಗಿದೆಯಾ ಎಂದು. ಅವರಲ್ಲೊಬ್ಬರು, “ಈ ಕಾಲನ್ನು ಸರಿಮಾಡಿದ ಡಾಕ್ಟರು ಯಾರೋ, ಅವರಿಗೆ ನಮಸ್ಕಾರ ಹೇಳು” ಅಂದರಂತೆ. ಆ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ಕೋಚ್ ಚರಣ್‌ಗೂ ಅವಳೇ ಹೋಗಿ ಕಾಲು ತೋರಿಸಿ ವಿಷಯ ತಿಳಿಸಿದಳು. ಅವರು ಬಗ್ಗಿ ಕಲೆಯನ್ನು ನೋಡಿದರಂತೆ. ಆಮೇಲೆ ಬಟರ್‌ಫ್ಲೈ ಈಜು, ಅದರಲ್ಲಿ ಪಾದ ಹೊರಕ್ಕೆ ತಿರುಗಿಸಬೇಕಾಗಿಲ್ಲ, ನಿನ್ನ ಡಾಲ್ಫಿನ್ ಕಿಕ್ ಚೆನ್ನಾಗಿದೆ ಅಂದರು. ಸರಿಯಾದ ಮಾತೇ. ಇವಳು ಒಪ್ಪುತ್ತಿಲ್ಲ. “ಬಟರ್‌ಫ್ಲೈ ಆಮೇಲೆ ಮಾಡ್ತೀನಿ ಅಜ್ಜಿ. ಒರು ತಡವ ಬ್ರೆಸ್ಟ್ ಸ್ಟ್ರೋಕ್ ಕರೆಕ್ಟಾ ಮುಗಿಸ್ಬೇಕು. ಒಂದೇ ಒಂದು ಸಲ” ಅನ್ನುತ್ತಾಳೆ.

ನೀವು ಬೇಜಾರು ಮಾಡಿಕೊಳ್ಳಬೇಡಿ. ದಾರಿ ತೋರಿಸಿದ್ದೇ ದೊಡ್ಡದು.

ನಿಮ್ಮ ಶಂಕ್ರಮ್ಮ


ಮೈಸೂರು
2 ಫೆಬ್ರುವರಿ 2025

ಶಂಕ್ರಮ್ಮನವರಿಗೆ ನಮಸ್ಕಾರ.

ಬೇಜಾರಾಗದೆ ಇರುತ್ತದೆಯೇ? ಖಂಡಿತ ಸಿಗುತ್ತದೆ ಎಂದು ಬರೆದವಳು ನಾನು. ಪರೀಕ್ಷಕರ ಕೆಲಸವನ್ನು ಮೈಸೂರಿನಲ್ಲಿ ಕೂತು ನಾನೇ ಮಾಡಿಬಿಟ್ಟೆ. ಮಗುವಿಗೆ ನಾನು ಕ್ಷಮೆ ಕೇಳಿದ್ದೇನೆಂದು ಹೇಳಿ. ಮಾಧವಿಯವರು ತಾವೇ ಮುಂದೆ ನಿಂತು ಕರೆದುಕೊಂಡು ಹೋದದ್ದು ತಿಳಿದು ಮಾತ್ರ ತುಂಬ ಸಂತೋಷವಾಯಿತು. ನಿಮ್ಮ ಮನೆಯಲ್ಲಿ ಎಲ್ಲವೂ ತಿಳಿಯಾಯಿತಲ್ಲ, ಅಷ್ಟು ಸಾಕು.

ಶಿಲ್ಪಶ್ರೀಯ ಹಟದ ಬಗ್ಗೆ ಯೋಚಿಸಿದೆ. ನಿಯಮದಲ್ಲಿ ಪಾದ ಇಷ್ಟೇ ಡಿಗ್ರಿ ತಿರುಗಬೇಕೆಂದು ಎಲ್ಲಿಯೂ ಇಲ್ಲ, ಹೊರಕ್ಕೆ ತಿರುಗಬೇಕು ಎಂದಷ್ಟೇ ಇದೆ. ಕಣಕಾಲು ಬಾಗದಿದ್ದರೂ ಇಡೀ ಕಾಲನ್ನು ಸೊಂಟದ ಕೀಲಿನಿಂದಲೇ ತುಸು ತಿರುಗಿಸಬಹುದು. ಒದೆತ ಅಗಲವಾಗಿರಬಾರದು, ಸಣ್ಣದಾಗಿರಬೇಕು. ಎರಡು ಮಂಡಿಯ ನಡುವಿನ ಅಂತರ ಕಡಿಮೆ ಇಟ್ಟುಕೊಂಡು, ಹಿಮ್ಮಡಿಯನ್ನು ನಿಧಾನವಾಗಿ ಹಿಂದಕ್ಕೆ ತರಬೇಕು. ಎಡಗಾಲಿನ ಬಲವನ್ನೂ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಎರಡೂ ಒಟ್ಟಿಗೆ ಆಡುವುದಿಲ್ಲ. ವೇಗ ಹೋಗುತ್ತದೆ, ಅದನ್ನು ಅವಳಿಗೆ ಮೊದಲೇ ಹೇಳಿಬಿಡಿ. ಈ ಕಾಗದವನ್ನು ಮೊದಲು ಫಿಸಿಯೋಥೆರಪಿ ಡಾಕ್ಟರಿಗೂ ಆಮೇಲೆ ಚರಣ್‌ಗೂ ತೋರಿಸಿ. ಅವರು ಬೇಡವೆಂದರೆ ಬೇಡ. ನೆಲದ ಮೇಲೆ ಚೆನ್ನಾಗಿ ರೂಢಿಯಾಗದೆ ನೀರಿಗೆ ಇಳಿಯುವುದು ಬೇಡ.

ಹರಿಪ್ರಿಯಾ


ತಿರುವೊಟ್ಟಿಯೂರು
18 ಮೇ 2025

ತಂಗಿ ಹರಿಪ್ರಿಯಾಗೆ,

ಬಹಳ ದಿನವಾಯಿತು ಬರೆದು. ಮನೆಯಲ್ಲಿ ಎಲ್ಲರೂ ಆರಾಮ.

ಫಿಸಿಯೋ ಡಾಕ್ಟರು ನಿಮ್ಮ ಕಾಗದವನ್ನು ನನ್ನಿಂದಲೇ ಓದಿಸಿ ತಮಿಳಿನಲ್ಲಿ ಕೇಳಿಸಿಕೊಂಡರು. ಹೆಚ್ಚುಕಡಿಮೆ ಎಲ್ಲಕ್ಕೂ ತಲೆಯಾಡಿಸಿದರು. ದಿನಾ ಬೆಳಗ್ಗೆ ಶಿಲ್ಪಾ ಮಂಚದ ಅಂಚಿಗೆ ಬೋರಲು ಮಲಗುತ್ತಾಳೆ, ನಾನು ಹಿಮ್ಮಡಿ ಹಿಡಿದು ಅವರು ತೋರಿಸಿದ ಹಾಗೆ ತಿರುಗಿಸುತ್ತೇನೆ. ನನ್ನ ಕೈಗೂ ಅವಳ ಕಾಲಿಗೂ ಒಳ್ಳೆಯ ಸ್ನೇಹವಾಗಿದೆ. “ಅಜ್ಜಿ, ನೀವು ಬಿಟ್ಟ್ಮೇಲೂ ಅದೇ ನಿಂತ್ಕೊಂಡಿದೆ ಪಾರುಂಗ!” ಎಂದು ಒಂದು ದಿನ ಕೂಗಿದಳು. ನೋಡಿದರೆ ಹೌದು, ಒಂದು ಕ್ಷಣ ಪಾದ ಹೊರಗೇ ನಿಂತಿತ್ತು.

ಜುಲೈ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾಳೆ. ಈ ಸಲ ಮೇಲಿನ ವಯಸ್ಸಿನ ಗುಂಪು. ನೀವು ಬರುತ್ತೀರಾ? ಬಂದರೆ ನಮ್ಮ ಮನೆಗೇ ಊಟಕ್ಕೆ ಬರಬೇಕು.

ಶಂಕ್ರಮ್ಮ


ಮೈಸೂರು
24 ಜುಲೈ 2025

ಪ್ರೀತಿಯ ಶಂಕ್ರಮ್ಮನವರಿಗೆ,

ಭಾನುವಾರ ನಿಮ್ಮನ್ನು ಕಂಡೂ ಕಾಣದವಳಂತೆ ಇದ್ದುಬಿಟ್ಟೆ. ಊಟಕ್ಕೂ ಬರಲಿಲ್ಲ. ನೀವು ನೊಂದುಕೊಂಡಿರಬಹುದು, ಅದಕ್ಕೇ ಊರಿಗೆ ಬಂದ ಕೂಡಲೇ ಬರೆಯುತ್ತಿದ್ದೇನೆ.

ನಿಮ್ಮ ಮೊಮ್ಮಗಳಿಗೆ ಸಲಹೆ ಬರೆದವಳು ಅವಳ ಒದೆತಕ್ಕೆ ತೀರ್ಪು ಹೇಳಕೂಡದು. ಹಿಂದಿನ ದಿನವೇ ಮುಖ್ಯ ರೆಫರಿಗೆ ಇದೆಲ್ಲ ತಿಳಿಸಿ, ಆ ಸ್ಪರ್ಧೆಯಲ್ಲಿ ನನ್ನನ್ನು ಕೊಳದ ಹತ್ತಿರ ನಿಲ್ಲಿಸಬೇಡಿ ಎಂದು ಕೇಳಿಕೊಂಡಿದ್ದೆ. ಅವರು ನನ್ನ ಜಾಗಕ್ಕೆ ತಿರುಮಲೇಶ ಎಂಬುವರನ್ನು ಹಾಕಿದರು. ಬಹಳ ಕಟ್ಟುನಿಟ್ಟಿನ ಮನುಷ್ಯ. ನಾನು ಗೋಡೆಗೆ ಒರಗಿ ದೂರ ನಿಂತಿದ್ದೆ. ಅಲ್ಲಿಂದ ಶಿಲ್ಪಶ್ರೀಯ ಕಾಲು ಕಾಣುತ್ತಿರಲಿಲ್ಲ, ತಿರುಮಲೇಶರ ಬಲಗೈ ಮಾತ್ರ ಕಾಣುತ್ತಿತ್ತು.

ಅವಳು ಹಾರಿದಳು, ನೀರಿನೊಳಗೆ ಒಂದೇ ಡಾಲ್ಫಿನ್ ಕಿಕ್, ಮೇಲೆ ಬರುವಾಗ ಎಲ್ಲರಿಗಿಂತ ಮುಂದೆ. ಅಲ್ಲಿಂದ ಒಬ್ಬೊಬ್ಬರಾಗಿ ಅವಳನ್ನು ದಾಟಿದರು. ತಿರುವಿನ ಮೇಲೆ ಮತ್ತೆ ಹಾಗೇ, ನೀರೊಳಗೆ ಮುಂದೆ, ಮೇಲೆ ಬಂದ ಮೇಲೆ ಹಿಂದೆ. ತಿರುಮಲೇಶ ಎರಡು ಸಲ ಬಗ್ಗಿ ನೋಡಿದರು. ಎರಡನೇ ಸಲ ಬಗ್ಗಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅವರ ಕೈ ಬೆನ್ನ ಹಿಂದೆ ಕಟ್ಟಿಕೊಂಡ ಹಾಗೇ ಇತ್ತು.

ಏಳನೆಯ ಸ್ಥಾನ. ಅಧಿಕೃತ ಸಮಯ. ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಅಂಕಿಗಳು ಬಿದ್ದಿವೆ. ಎಷ್ಟೋ ಪದಕಗಳನ್ನು ಕಂಡಿದ್ದೇನೆ, ಏಳನೆಯವಳು ಹಾಗೆ ನೀರನ್ನು ಬಡಿದು ಕುಣಿದದ್ದನ್ನು ಕಂಡಿಲ್ಲ. ಇಷ್ಟು ವರ್ಷ ತಪ್ಪು ಹುಡುಕುತ್ತ ಕೊಳದ ಸುತ್ತ ನಡೆದ ನನಗೆ ಇಂಥದ್ದೊಂದು ದಿನ ಸಿಕ್ಕಿತು. ಇದನ್ನು ಕೊಟ್ಟವರು ನೀವು, ಸಿಟ್ಟಿನಲ್ಲಿಯಾದರೂ ಆ ಮೊದಲ ಪತ್ರ ಬರೆದದ್ದರಿಂದ. ನಿಮಗೆ, ಮಾಧವಿಯವರಿಗೆ ನನ್ನ ವಂದನೆಗಳು.

ನಿಮ್ಮ ತಂಗಿ,
ಹರಿಪ್ರಿಯಾ


ತಿರುವೊಟ್ಟಿಯೂರು
10 ಆಗಸ್ಟ್ 2025

ತಂಗಿ ಹರಿಪ್ರಿಯಾಗೆ,

ನೊಂದುಕೊಂಡಿದ್ದು ನಿಜ. ಈಗ ಇಲ್ಲ. ಊಟ ಮಾತ್ರ ಬಾಕಿ ಇದೆ.

ನಿಮಗೆ ನಾನೊಂದು ವಿಷಯ ಬರೆದಿರಲಿಲ್ಲ. ಮನೆಯಲ್ಲಿ ಎಲ್ಲವೂ ತಿಳಿಯಾಯಿತು ಎಂದು ನೀವು ಸಂತೋಷಪಟ್ಟಾಗ ನಾನು ತಿದ್ದಲಿಲ್ಲ. ತಿಳಿಯಾಗಿರಲಿಲ್ಲ. ನಾನು ಶಿಲ್ಪಾಗೆ ನಿಜ ಹೇಳಿದ ದಿನ ಸಂಜೆ ಮಾಧವಿ ಆಫೀಸಿನಿಂದ ಬಂದು ಬಾಗಿಲಲ್ಲೇ ನಿಂತಳು. “ಅತ್ತೀ, ನೀವು ನನಗ ಮಾತು ಕೊಟ್ಟಿದ್ರಿ” ಅಂದಳು, ಅಷ್ಟೇ. ಅಂದಿನಿಂದ ಎಷ್ಟು ಬೇಕೋ ಅಷ್ಟೇ ಮಾತು. ಊಟಕ್ಕೆ ಕರೆದರೆ ಬರುತ್ತಾಳೆ, ಔಷಧ ತಂದುಕೊಡುತ್ತಾಳೆ, ಪಕ್ಕದಲ್ಲಿ ಕೂರುವುದಿಲ್ಲ. ಬೆಂಗಳೂರಿಗೆ ಕರೆದೊಯ್ದದ್ದೂ ಮಗಳು ಹಟ ಹಿಡಿದದ್ದಕ್ಕೆ. ನನ್ನ ಮಗ ಕುಮಾರಸ್ವಾಮಿ ನಡುವೆ ಬರಲು ಹೋಗಿ ಇಬ್ಬರಿಂದಲೂ ಅನ್ನಿಸಿಕೊಂಡ. ನಾನು ಹೇಳಿದ್ದು ಸರಿಯೆಂದು ಇವತ್ತಿಗೂ ಅನ್ನುತ್ತೇನೆ. ಆದರೆ ಅವಳ ನೋವೂ ಸುಳ್ಳಲ್ಲ. ಅಷ್ಟು ವರ್ಷ ಎದೆಯಲ್ಲಿ ಮುಚ್ಚಿಟ್ಟು ಕಾದದ್ದನ್ನು ಕೇಳದೆ ಬಯಲಿಗೆ ಎಳೆದೆನಲ್ಲ.

ಸ್ಪರ್ಧೆಯ ಮಾರನೇ ವಾರ ಶಿಲ್ಪಾ, ನನ್ನ ಕಾಲು ಸರಿಮಾಡಿದ ಡಾಕ್ಟರನ್ನು ನೋಡಬೇಕು ಅಂದಳು. ಬೆಂಗಳೂರಿನವರು ಹೇಳಿಕಳಿಸಿದ ನಮಸ್ಕಾರ ತಲುಪಿಸಬೇಕಂತೆ. ಅಜ್ಜಿಯೂ ಬರಬೇಕೆಂದು ನನ್ನನ್ನೂ ಎಳೆದಳು. ಮಾಧವಿ ಬೇಡವೆನ್ನಲಿಲ್ಲ. ಮೂವರೂ ಹೋದೆವು.

ಡಾಕ್ಟರು ನಿವೃತ್ತಿಯಾಗಿ ಬೇರೆ ಊರಿಗೆ ಹೋಗಿದ್ದಾರೆ. ಹಳೇ ನರ್ಸ್ ಒಬ್ಬರು ನಂಬರು ಕೊಡುತ್ತೇನೆ ಇರಿ ಎಂದು ಒಳಗೆ ಹೋದರು. ನಾವು ಹೊರಗೆ ಬೆಂಚಿನ ಹತ್ತಿರ ನಿಂತಿದ್ದೆವು. ಅಲ್ಲೊಬ್ಬ ಚಿಕ್ಕ ಬಾಣಂತಿ ಕೂತಿದ್ದಳು. ಮಡಿಲಲ್ಲಿ ಕೂಸು, ಎರಡೂ ಪುಟ್ಟ ಕಾಲಿಗೆ ತೊಡೆಯವರೆಗೂ ಪ್ಲಾಸ್ಟರ್, ಇನ್ನೂ ಒದ್ದೆಯಾಗಿತ್ತು. ಕೂಸು ಕಿರುಚುತ್ತಿತ್ತು, ಅವಳೂ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

ಶಿಲ್ಪಾ ಹೋಗಿ ಅವಳ ಮುಂದೆ ನೆಲದ ಮೇಲೇ ಕೂತಳು. ಬಲಗಾಲಿನ ಬೂಟು, ಸಾಕ್ಸ್ ಬಿಚ್ಚಿದಳು. “ಅಕ್ಕಾ, ಅಳಾದೀಂಗ. ಇಂಗ ಪಾರುಂಗ, ಎನ್ ಕಾಲ್” ಅಂದಳು, ಅಳಬೇಡಿ, ನನ್ನ ಕಾಲು ನೋಡಿ ಎಂದು ಕಲೆ ತೋರಿಸಿದಳು. ನಾನು ಈಜುತ್ತೇನೆ ಅಂದಳು. ಏಳನೆಯವಳಾಗಿ ಬಂದದ್ದನ್ನೂ ಹೇಳಿದಳು. ಆ ಹುಡುಗಿ ಅಳು ನಿಲ್ಲಿಸಿ ಶಿಲ್ಪಾಳ ಕಾಲು ನೋಡಿದಳು, ಆಮೇಲೆ ತಲೆಯೆತ್ತಿ ನಮ್ಮಿಬ್ಬರನ್ನು ನೋಡಿದಳು. ನಿಜವಾ ಎಂದು ಕೇಳಿದ ಹಾಗಿತ್ತು.

ನಾನು ಬಾಯಿ ಬಿಡಲಿಲ್ಲ. ಒಂದು ಸಲ ಬಿಟ್ಟದ್ದು ಸಾಕಾಗಿತ್ತು.

ಮಾಧವಿ ಹೋಗಿ ಬೆಂಚಿನ ಮೇಲೆ ಅವಳ ಪಕ್ಕ ಕೂತಳು. “ಎನ್ ಪೊಣ್ಣುಕ್ಕುಂ ಇಪ್ಪಡಿತ್ತಾನ್ ಇರುಂದುದುಮ್ಮಾ” ಅಂದಳು. ನನ್ನ ಮಗಳಿಗೂ ಹೀಗೇ ಇತ್ತು ಎಂದು. ಇಷ್ಟು ವರ್ಷದಲ್ಲಿ ಹೊರಗಿನವರೆದುರು ಅವಳು ಆ ಮಾತು ಆಡಿದ್ದು ಅದೇ ಮೊದಲು. ಗಟ್ಟಿಯಾಗಿಯೇ ಆಡಿದಳು, ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಯಾರ ಕಡೆಯೂ ನೋಡಲಿಲ್ಲ. ಕೂಸನ್ನು ಇಸಿದುಕೊಂಡು ತನ್ನ ಮಡಿಲಲ್ಲಿ ಹಾಕಿಕೊಂಡಳು. ಅದು ಹಾಲಿಗೆ ಬಾಯಿ ತೆರೆಯುತ್ತಿತ್ತು, ಪ್ಲಾಸ್ಟರಿನ ಭಾರಕ್ಕೆ ಕಾಲು ಜೋತುಬಿದ್ದು ಮತ್ತೆ ಕಿರುಚುತ್ತಿತ್ತು. ಮಾಧವಿ ಎರಡು ಸಲ ಹಿಡಿದು ನೋಡಿದಳು, ಆಗಲಿಲ್ಲ. ನನ್ನ ಕಡೆ ತಿರುಗಿದಳು.

“ಅತ್ತೀ, ಇಲ್ಲಿ ಬರ್ರಿ. ಹಾಲು ಕುಡಿಸೋ ಮುಂದ ನೀವು ಕಾಲು ಹೆಂಗ ಹಿಡೀತಿದ್ರಿ, ಈಕಿಗೆ ತೋರಸ್ರಿ. ನನಗ ಮರತೇ ಹೋಗೇತಿ.”

ನನಗೆ ಮರೆತಿರಲಿಲ್ಲ. ಹೋಗಿ ಮಾಧವಿಯ ಪಕ್ಕದಲ್ಲಿ ಕೂತೆ.

ನಿಮ್ಮ ಅಕ್ಕ,
ಶಂಕ್ರಮ್ಮ